ಓಡುವ ಕಂಪ್ಯೂಟರಿಗೆ ಕಾವಲು ಯಾರು?



ಈಚೆಗೆ ಬಹಳ ಮನೆಗಳಲ್ಲಿ ಒಂದೇ ಚರ್ಚೆ. ಕಂಪ್ಯೂಟರ್ ಚಾಲೂ ಮಾಡಿದರೆ, ವಿಂಡೋಸ್ 10ಕ್ಕೆ ಇನ್ನು ಬೆಂಬಲ ಇಲ್ಲ ಎಂಬ ಸೂಚನೆ ಬರುತ್ತದೆ. ಮೊಮ್ಮಗ ಹೊಸದು ಕೊಳ್ಳೋಣ ಅನ್ನುತ್ತಾನೆ, ಅಜ್ಜ ಇದ್ದದ್ದೇ ಸಾಕು ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಧ ನಿಜವಿದೆ. ಉಳಿದರ್ಧವನ್ನು ಇವತ್ತು ನೋಡೋಣ.

ಮೊದಲು, ಆಪರೇಟಿಂಗ್ ಸಿಸ್ಟಮ್ ಅಂದರೇನು? ಬ್ಯಾಂಕಿನ ಶಾಖೆಗೆ ಮ್ಯಾನೇಜರ್ ಇದ್ದಂತೆ ಕಂಪ್ಯೂಟರಿಗೆ ಇದು. ಕೀಲಿಮಣೆ, ಪರದೆ, ಪ್ರಿಂಟರ್, ಇಂಟರ್ನೆಟ್ ಎಲ್ಲಕ್ಕೂ ಕೆಲಸ ಹಂಚುವುದು ಇದೇ. ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ಅದರ ಉಚಿತ ರಕ್ಷಣೆಯನ್ನು ನಿಲ್ಲಿಸಿತು.

ನಮ್ಮ ಓಣಿಯ ಹುಡುಗಿಯೊಬ್ಬಳು ಕೇಳಿದಳು: “ಮುತ್ಯಾ, ಕಂಪ್ಯೂಟರ್ ಚಲೋನ ನಡೀಲಿಕ್ಕತ್ತೈತಿ. ಮತ್ಯಾಕ ಬದಲ್ ಮಾಡಬೇಕು?”

“ನಡೀತೈತಿ ಖರೆ ಅವ್ವಿ. ಆದ್ರ ತೂತು ಬಿದ್ದ್ರ ಮುಚ್ಚವ್ರು ಇಲ್ಲ” ಅಂದೆ.

ನಮ್ಮ ಮಮದಾಪುರದ ದೊಡ್ಡ ಕೆರೆ ಆದಿಲ್‌ಶಾಹಿ ಕಾಲದ್ದು. ಕೆರೆಯ ಒಡ್ಡು ಎಷ್ಟೇ ಗಟ್ಟಿ ಇರಲಿ, ಸಣ್ಣ ಬಿಲ ಕಂಡಾಗ ಕೂಡಲೇ ಮುಚ್ಚದಿದ್ದರೆ ಒಂದು ಮಳೆಗಾಲದಲ್ಲಿ ಅದೇ ದೊಡ್ಡದಾಗುತ್ತದೆ. ಕಂಪ್ಯೂಟರಿನಲ್ಲೂ ಹೊಸ ಹೊಸ ಬಿಲಗಳು ಪತ್ತೆಯಾಗುತ್ತಲೇ ಇರುತ್ತವೆ. ಅವುಗಳನ್ನು ಮುಚ್ಚುವ ಮಣ್ಣೇ ಅಪ್‌ಡೇಟ್.

2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಸುಮಾರು 150 ದೇಶಗಳಿಗೆ ಹರಡಿ, ಜನರ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ಬಿಲವನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಹಿಂದೆಯೇ, ಮಾರ್ಚ್‌ನಲ್ಲಿ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ನಮ್ಮ ಬ್ಯಾಂಕುಗಳ ಎಟಿಎಂಗಳದ್ದೂ ಇದೇ ಕಥೆ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ ಬೆಂಬಲ ಮುಗಿದರೂ ಅನೇಕ ಎಟಿಎಂಗಳು ಅದರ ಮೇಲೆಯೇ ಓಡುತ್ತಿದ್ದವು. ಕಡೆಗೆ 2018ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಖಡಕ್ಕಾಗಿ ಗಡುವು ಕೊಟ್ಟಿತು: ಸೆಪ್ಟೆಂಬರ್ ಒಳಗೆ ಕಾಲು ಭಾಗ, ಡಿಸೆಂಬರ್ ಒಳಗೆ ಅರ್ಧ, 2019ರ ಮಾರ್ಚ್ ಒಳಗೆ ಮುಕ್ಕಾಲು, ಜೂನ್ ಒಳಗೆ ಪೂರ್ತಿ ಬದಲಾಗಬೇಕು. ಒಂದೇ ದಿನ ಎಲ್ಲವನ್ನೂ ಕಿತ್ತುಹಾಕಿ ಎನ್ನಲಿಲ್ಲ. ಹಾಗೆಂದು ಬಿಟ್ಟೂ ಬಿಡಲಿಲ್ಲ. ಮನೆಯಲ್ಲೂ ಇದೇ ಕ್ರಮ ಒಳ್ಳೆಯದು.

ಈಗ ನಮ್ಮ ಮುಂದೆ ಮೂರು ದಾರಿ ಇವೆ.

ಮೊದಲನೆಯದು ವಿಂಡೋಸ್ 11. ಅಸಲಿ ವಿಂಡೋಸ್ 10 ಇದ್ದವರಿಗೆ ಇದು ಉಚಿತ, ಆದರೆ ಯಂತ್ರ ಒಪ್ಪಬೇಕು. ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಬ್ಯಾಂಕಿನಲ್ಲಿ ಲಾಕರ್ ಕೀಲಿಗಳನ್ನು ಬೇರೆ ಕಡೆ ಜೋಪಾನ ಮಾಡುವಂತೆ, ಗುಪ್ತ ಕೀಲಿಗಳನ್ನು ಪ್ರತ್ಯೇಕವಾಗಿ ಕಾಯುವ ಚಿಪ್ ಅದು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆಯದು ಅಥವಾ ಅದಕ್ಕಿಂತ ಹೊಸದು ಇರಬೇಕು. ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ಆ್ಯಪ್ ಇದನ್ನೆಲ್ಲ ತಾನೇ ಪರೀಕ್ಷಿಸಿ ಹೇಳುತ್ತದೆ.

ಎರಡನೆಯದು ಸ್ವಲ್ಪ ಕಾಲಾವಕಾಶ ಪಡೆಯುವುದು. ಮನೆಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ರಕ್ಷಣೆಯ ಯೋಜನೆ ಇದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ, ಸೆಟ್ಟಿಂಗ್‌ಗಳ ಬ್ಯಾಕಪ್ ಮಾಡಿಕೊಂಡರೆ ಹಣ ಕೊಡಬೇಕಿಲ್ಲ. ಇದು ಸಾಲದ ಕಂತು ಮುಂದೂಡಿದಂತೆ, ಸಾಲ ತೀರಿದಂತಲ್ಲ.

ಮೂರನೆಯದು ಲಿನಕ್ಸ್. ಫಿನ್‌ಲೆಂಡಿನ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ, 21ನೇ ವಯಸ್ಸಿನ ವಿದ್ಯಾರ್ಥಿಯಾಗಿದ್ದಾಗ ಶುರುಮಾಡಿದ್ದು. ಈಗ ಉಬುಂಟು, ಲಿನಕ್ಸ್ ಮಿಂಟ್ ಮುಂತಾದ ಹೆಸರುಗಳಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಹಳೆಯ ಯಂತ್ರಗಳಲ್ಲೂ ಸಾಮಾನ್ಯವಾಗಿ ಓಡುತ್ತದೆ. ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿ, ಒಗ್ಗದಿದ್ದರೆ ತೆಗೆದುಬಿಡಬಹುದು. ಇದು ಬರೀ ಇಂಜಿನಿಯರುಗಳ ವಿದ್ಯೆ ಅಂದುಕೊಳ್ಳಬೇಡಿ. ಕೇರಳ ಸರ್ಕಾರದ ಕೈಟ್ ಸಂಸ್ಥೆ ಶಾಲೆಗಳಿಗಾಗಿಯೇ ಉಬುಂಟು ಆಧಾರದ ಲಿನಕ್ಸ್ ಸಿದ್ಧಪಡಿಸಿದೆ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಕಂಪ್ಯೂಟರ್ ಪಾಠ ಕಲಿಯುವುದು ಅದರಲ್ಲೇ.

ಹಾಗಾದರೆ ಯಾರಿಗೆ ಯಾವುದು? ಯಂತ್ರದಿಂದ ನಿಮಗೆ ಏನು ಕೆಲಸ ಎಂಬುದರ ಮೇಲೆ ಅದು ನಿಂತಿದೆ. ತಿಕೋಟಾ ಕಡೆಯ ಒಣದ್ರಾಕ್ಷಿ ವ್ಯಾಪಾರಿ ಟ್ಯಾಲಿಯಲ್ಲಿ ಲೆಕ್ಕ ಇಡುತ್ತಿದ್ದರೆ ಅವರಿಗೆ ವಿಂಡೋಸೇ ಸರಿ, ಏಕೆಂದರೆ ಟ್ಯಾಲಿ ತಯಾರಾಗಿದ್ದೇ ವಿಂಡೋಸ್‌ಗಾಗಿ. ಪತ್ರ ಬರೆಯಲು, ಪತ್ರಿಕೆ ಓದಲು, ದೂರದ ಮಗಳ ಮುಖ ನೋಡಿ ಮಾತಾಡಲು ಮಾತ್ರ ಕಂಪ್ಯೂಟರ್ ಇದ್ದರೆ ಲಿನಕ್ಸ್ ಸಾಕು. ಆದರೆ ಪ್ರಿಂಟರ್, ಸ್ಕ್ಯಾನರ್ ಅದಕ್ಕೆ ಹೊಂದುತ್ತವೆಯೇ ಎಂದು ಪೆನ್‌ಡ್ರೈವ್ ಹಂತದಲ್ಲೇ ನೋಡಿಕೊಳ್ಳಿ.

ಯಾವ ದಾರಿ ಹಿಡಿದರೂ ಮೊದಲು ಮನೆಯ ಬರಹ, ಫೋಟೊಗಳನ್ನು ಎರಡು ಕಡೆ ನಕಲು ಮಾಡಿ. ಡಿಸ್ಕ್ ಅಳಿಸಿ ಲಿನಕ್ಸ್ ಹಾಕಿದರೆ ಹಳೆಯದೇನೂ ಉಳಿಯುವುದಿಲ್ಲ. ನಕಲು ಮಾಡಿದ್ದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದೂ ನೋಡಿ. ಕನ್ನಡಿಗರಿಗೆ ಈ ಮಾತು ಇನ್ನೂ ಮುಖ್ಯ. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಎಷ್ಟೋ ಫೈಲ್‌ಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅಜ್ಜಿ ಬರೆಸಿದ ಬೀಸುವ ಪದ ಅರ್ಥವಿಲ್ಲದ ಇಂಗ್ಲಿಷ್ ಗೀಚಾಗಿ ಕಾಣುತ್ತದೆ.

ಯುನಿಕೋಡ್‌ನಲ್ಲಿ ಈ ತೊಡಕಿಲ್ಲ. ಅದರಲ್ಲಿ ‘ಕ’ ಅಕ್ಷರಕ್ಕೆ ಜಗತ್ತಿನ ಯಾವ ಕಂಪ್ಯೂಟರಿನಲ್ಲೂ ಒಂದೇ ಸಂಖ್ಯೆ: 3221. ಹಳೆಯ ಕಂಪ್ಯೂಟರ್ ಕೈಯಲ್ಲಿರುವಾಗಲೇ, ಆ ಬರಹಗಳು ಸರಿಯಾಗಿ ಕಾಣುತ್ತಿರುವಾಗಲೇ, ಅವನ್ನು ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ್ದನ್ನು ಅಜ್ಜಿ ಒಮ್ಮೆ ಓದಲಿ. ಒತ್ತಕ್ಷರ ತಪ್ಪಿದ್ದರೆ ಅವರಿಗೇ ಗೊತ್ತಾಗುವುದು.

ಹಿರಿಯರಿಗೆ ಒಂದು ಎಚ್ಚರಿಕೆ. “ನಿಮ್ಮ ವಿಂಡೋಸ್ ಮುಗಿದಿದೆ, ನಾವು ಸರಿಮಾಡುತ್ತೇವೆ” ಎಂದು ಫೋನ್ ಬಂದರೆ ಇಟ್ಟುಬಿಡಿ. ಮೈಕ್ರೋಸಾಫ್ಟ್ ಹಾಗೆ ತಾನಾಗಿ ಯಾರ ಮನೆಗೂ ಫೋನ್ ಮಾಡುವುದಿಲ್ಲ. ಅವರು ಹೇಳಿದ ಆ್ಯಪ್ ಹಾಕಿಕೊಳ್ಳಬೇಡಿ, ಒಟಿಪಿ ಹೇಳಬೇಡಿ.

ಮಕ್ಕಳೇ, ಈ ಭಾನುವಾರ ನಿಮಗೊಂದು ಕೆಲಸ. ಅಜ್ಜ–ಅಜ್ಜಿಯ ಪಕ್ಕ ಕೂತು ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಕಂಪ್ಯೂಟರಿನಲ್ಲಿ ನಾವು ಮಾಡುವ ಕೆಲಸ ಯಾವುವು, ಕಳೆದುಹೋಗಬಾರದ ಫೈಲ್‌ಗಳು ಯಾವುವು, ಯಂತ್ರ ವಿಂಡೋಸ್ 11ನ್ನು ಒಪ್ಪುತ್ತದೆಯೇ. ಮೂರೂ ತುಂಬಿದ ಮೇಲೆ ಯಾವ ದಾರಿ ಎಂದು ಇಬ್ಬರೂ ಕೂಡಿಯೇ ತೀರ್ಮಾನಿಸಿ. ಹೊಸದನ್ನು ಕೊಳ್ಳುವ ಮಾತು ಅದಾದ ಮೇಲೆ.