ಮನೆ ಕಟ್ಟುವವರಿಗೂ ಸೂರು ಬೇಕು



ಮಳೆ ಕೈಕೊಟ್ಟ ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ದುಡಿಯಲು ಹೋಗುವುದು ಹೊಸದಲ್ಲ. ಅಲ್ಲಿ ಬಹುಮಹಡಿ ಕಟ್ಟಡಗಳಿಗೆ ಇಟ್ಟಿಗೆ, ಸಿಮೆಂಟು ಹೊರುವ ಎಷ್ಟೋ ಮಂದಿ ರಾತ್ರಿ ಮಲಗುವುದು ತಗಡಿನ ಶೆಡ್ಡಿನಲ್ಲಿ. ಬೇಸಿಗೆಯಲ್ಲಿ ತಗಡು ಕಾದು ಒಳಗೆ ಕೂರಲಾಗದು. ಮಳೆ ಬಂದರೆ ಹಾಸಿಗೆಯ ಬುಡಕ್ಕೇ ಕೆಸರು. ಕಟ್ಟಡ ಮುಗಿದೊಡನೆ ಶೆಡ್ಡೂ ಹೋಗುತ್ತದೆ, ಮಕ್ಕಳ ಶಾಲೆಯೂ ತಪ್ಪುತ್ತದೆ.

ಕೆಲಸ ನಡೆಯುವಷ್ಟು ಕಾಲ ಅಡುಗೆ, ಸ್ನಾನ, ಶೌಚದ ಪ್ರತ್ಯೇಕ ವ್ಯವಸ್ಥೆಯಿರುವ ತಾತ್ಕಾಲಿಕ ವಸತಿಯನ್ನು ಕೆಲಸ ಕೊಟ್ಟವರೇ ಉಚಿತವಾಗಿ ಒದಗಿಸಬೇಕೆಂದು ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಹೇಳಿತ್ತು. ಈ ಹೊಣೆ ಕಾಗದದಲ್ಲೇ ಉಳಿಯಬಾರದು.

ಬಾಡಿಗೆ ಮನೆ ಹಿಡಿಯೋಣವೆಂದರೆ ಮುಂಗಡದ್ದೇ ದೊಡ್ಡ ಹೊರೆ. ಹತ್ತು ತಿಂಗಳ ಬಾಡಿಗೆಯನ್ನು ಒಮ್ಮೆಲೇ ಕೇಳುವ ರೂಢಿ ಬೆಂಗಳೂರಿನಲ್ಲಿ ಬಹುಕಾಲದಿಂದ ಇದೆ. ದಿನಗೂಲಿಯವರು ಅಷ್ಟು ಹಣಕ್ಕೆ ಬಡ್ಡಿಸಾಲ ಮಾಡದೆ ವಿಧಿಯಿಲ್ಲ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದು ಎನ್ನುತ್ತದೆ. ಈ ಮಿತಿ ನಮ್ಮ ರಾಜ್ಯದಲ್ಲೂ ಕಟ್ಟುನಿಟ್ಟಾಗಿ ಜಾರಿಯಲ್ಲಿರಬೇಕು.

ಕಟ್ಟಡ ವೆಚ್ಚದ ಶೇ 1ರಷ್ಟು ಸೆಸ್ ಕಾರ್ಮಿಕರ ಕಲ್ಯಾಣಕ್ಕೆಂದೇ ಸಂಗ್ರಹವಾಗುತ್ತದೆ. ಆ ಹಣದಲ್ಲಿ ಮೆಟ್ರೊ, ಬಸ್ ನಿಲ್ದಾಣಗಳ ಹತ್ತಿರ ಕಡಿಮೆ ಬಾಡಿಗೆಯ ಮನೆಗಳನ್ನು ಸರ್ಕಾರ ಕಟ್ಟಿಸಲಿ. ಊರಾಚೆ ಬಸ್ಸಿಲ್ಲದ ಕಡೆ ಮನೆ ಕೊಟ್ಟರೆ ಬಾಡಿಗೆಯಲ್ಲಿ ಉಳಿದ ಹಣ ಓಡಾಟಕ್ಕೇ ಹೋಗುತ್ತದೆ. ವಸತಿ ಮತ್ತು ಕಾರ್ಮಿಕ ಸಚಿವರು ಇತ್ತ ಗಮನ ಹರಿಸಬೇಕು.

– ನೊಂದ ಓದುಗ, ಲಚ್ಯಾಣ, ಇಂಡಿ ತಾಲ್ಲೂಕು