‘ಹೆಚ್ಚು ಕಡಿಮೆ’ಯನ್ನು ನುಂಗಿ ಹಾಕುವವರು



ಡಾರ್ಕ್ ಎನರ್ಜಿ ಕ್ಷೀಣಿಸುತ್ತಿದೆ, ಐನ್‌ಸ್ಟೈನರ ಲೆಕ್ಕ ಬುಡಮೇಲಾಯಿತು ಎಂಬ ಸುದ್ದಿ ನನ್ನ ಮೊಬೈಲಿಗೆ ಹತ್ತಾರು ವೇಷಗಳಲ್ಲಿ ಬಂದಿದೆ. ಕಳಿಸಿದವರು ಲಿಂಗಸುಗೂರು, ಮಸ್ಕಿಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು. ಬಂಧುಗಳಲ್ಲೊಬ್ಬನಂತೂ, “ಕಾಕಾ, ವಿಜ್ಞಾನಿಗಳ ಮಾತು ಗಾಳಿಗಿಟ್ಟ ದೀಪ ನೋಡ್ರಿ” ಎಂದು ಒಕ್ಕಣೆಯನ್ನೂ ಸೇರಿಸಿದ್ದ. ಇಬ್ಬರ ಮೇಲೂ ನನಗೆ ತಕರಾರಿದೆ. ಒಬ್ಬರು ಅನುಮಾನವನ್ನು ಸಿದ್ಧಾಂತವೆಂದು ನಂಬಿದರು. ಇನ್ನೊಬ್ಬನು ಅನುಮಾನವನ್ನೇ ಅಜ್ಞಾನವೆಂದು ತಿಳಿದನು. ಇಬ್ಬರಿಗೂ ತಲುಪಿದ ಸುದ್ದಿಯಲ್ಲಿ ಒಂದು ಸಂಖ್ಯೆ ಕಾಣೆಯಾಗಿತ್ತು.

ಅಮೆರಿಕದ ಅರಿಜೋನಾದ ಕಿಟ್ ಪೀಕ್ ಬೆಟ್ಟದ ಮೇಲಿನ 4 ಮೀಟರ್ ದೂರದರ್ಶಕಕ್ಕೆ 5,000 ಗಾಜಿನ ಎಳೆಗಳನ್ನು ಜೋಡಿಸಿ ಗೆಲಾಕ್ಸಿಗಳ ದೂರವನ್ನು ಅಳೆಯುವ ಯೋಜನೆಗೆ ‘ಡೆಸಿ’ ಎಂದು ಹೆಸರು. 2025ರ ಮಾರ್ಚ್ 19ರಂದು ಅದರ ಮೂರು ವರ್ಷಗಳ ಫಲಿತಾಂಶ ಹೊರಬಂತು. ಸುಮಾರು 1.5 ಕೋಟಿ ಗೆಲಾಕ್ಸಿ ಮತ್ತು ಕ್ವೇಸಾರ್‌ಗಳ ಲೆಕ್ಕ. ವಿಶ್ವವನ್ನು ಹಿಗ್ಗಿಸುತ್ತಿರುವ ಡಾರ್ಕ್ ಎನರ್ಜಿ ಸ್ಥಿರವಲ್ಲ, ಕಾಲದೊಡನೆ ಬದಲಾಗುತ್ತಿರಬಹುದು ಎಂಬ ಸೂಚನೆಯನ್ನು ಅವರು ಕೊಟ್ಟರು. ಆ ಸೂಚನೆಯ ಬಲ 2.8ರಿಂದ 4.2 ಸಿಗ್ಮಾ, ಯಾವ ಸೂಪರ್‌ನೋವಾ ಪಟ್ಟಿಯನ್ನು ಜೊತೆಗೆ ಸೇರಿಸಿದರು ಎಂಬುದರ ಮೇಲೆ ಅವಲಂಬಿತ ಎಂದು ತಾವೇ ಬರೆದರು. ಭೌತವಿಜ್ಞಾನಿಗಳು ಶೋಧವೆಂದು ಕರೆಯಲು ಕೇಳುವುದು 5 ಸಿಗ್ಮಾ. ನಮ್ಮ ಸುದ್ದಿಗಾರರು 2.8ನ್ನು ಬಿಟ್ಟು 4.2ನ್ನು ಹಿಡಿದರು, ಕೆಲವರು ಅದನ್ನೂ ಬಿಟ್ಟು ‘ದೃಢ’ ಎಂದರು. ಅದೇ ವರ್ಷದ ಕೊನೆಗೆ ಆ ಒಂದು ಸೂಪರ್‌ನೋವಾ ಪಟ್ಟಿಯ ಅಳತೆಗಳನ್ನು ಪುನಃ ಪರಿಶೀಲಿಸಿದಾಗ 4.2 ಎಂಬುದು 3.2ಕ್ಕೆ ಇಳಿಯಿತು. ಗೆಲಾಕ್ಸಿಗಳೆಲ್ಲ ಇದ್ದಲ್ಲಿಯೇ ಇದ್ದವು. ಇಳಿದ ಸುದ್ದಿಯನ್ನು ನನಗೆ ಯಾರೂ ಕಳಿಸಲಿಲ್ಲ.

ಸಿಗ್ಮಾಗಳ ಸಂಖ್ಯೆಯೆಂದರೆ ಕಂಡ ವ್ಯತ್ಯಾಸವನ್ನು ಅಳತೆಯ ಅನಿಶ್ಚಿತತೆಯಿಂದ ಭಾಗಿಸಿದಾಗ ಬರುವ ಭಾಗಲಬ್ಧ. ಭಾಜಕ ಕಿರಿದಾದರೆ ಭಾಗಲಬ್ಧ ಹಿಗ್ಗುತ್ತದೆ. ಅನಿಶ್ಚಿತತೆಯನ್ನು ಕಾಲುಭಾಗ ಕಡಿಮೆ ಬರೆದುಕೊಂಡರೆ 3 ಸಿಗ್ಮಾ ತಾನಾಗಿ 4 ಆಗುತ್ತದೆ. ಆದ್ದರಿಂದ ಇಂಥ ಸಮೀಕ್ಷೆಗಳಲ್ಲಿ ಅತಿ ಕಷ್ಟದ ಕೆಲಸಗಳಲ್ಲೊಂದು ಈ ಭಾಜಕವನ್ನು ಪ್ರಾಮಾಣಿಕವಾಗಿ ಕಂಡುಹಿಡಿಯುವುದು.

ಕಷ್ಟವೇಕೆಂಬುದು ಸಿಂಧನೂರಿನ ಭತ್ತದ ರೈತನಿಗೆ ಬೇಗ ತಿಳಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಅಕ್ಕಪಕ್ಕದ ನಾಲ್ಕು ಗದ್ದೆಗಳ ಇಳುವರಿ ತೂಗಿದರೆ ನಾಲ್ಕೂ ಚೆನ್ನಾಗಿಯೇ ಇರುತ್ತವೆ, ಏಕೆಂದರೆ ನಾಲ್ಕೂ ಕುಡಿದದ್ದು ಒಂದೇ ನೀರು. ಅವು ನಾಲ್ಕು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ ನಾಲ್ಕು ಬಾರಿ ಕೂಗಿದಂತೆ. ಕೊನೆಭಾಗದ ರೈತನ ಒಣಗಿದ ಗದ್ದೆಯ ಸುಳಿವು ಅದರಲ್ಲಿ ಸಿಗದು. ಗೆಲಾಕ್ಸಿಗಳೂ ಹಾಗೆಯೇ ಗುಂಪುಗುಂಪಾಗಿ ಹುಟ್ಟಿದವು. 1.5 ಕೋಟಿಯ ವರ್ಗಮೂಲ ತೆಗೆದು ದೋಷ ಇಷ್ಟೇ ಎನ್ನುವವನು ಒಂದೇ ಕಾಲುವೆಯ ಗದ್ದೆಗಳನ್ನು ಬೇರೆಬೇರೆ ಊರುಗಳೆಂದು ಎಣಿಸಿದವನು.

ಈ ತೊಡಕಿಗೆ ದಾರಿ ತೋರಿದವರಲ್ಲಿ ನಮ್ಮ ದೇಶದ ಪಿ. ಸಿ. ಮಹಲನೋಬಿಸರು ಹಿರಿಯರು. ಬಂಗಾಳದ ಬೆಳೆ ಸಮೀಕ್ಷೆಗಳಲ್ಲಿ ಅವರು ಒಂದೇ ಪ್ರದೇಶದಿಂದ ಪ್ರತ್ಯೇಕ ಉಪಮಾದರಿಗಳನ್ನು ತೆಗೆಸಿ, ಅವುಗಳ ನಡುವಣ ವ್ಯತ್ಯಾಸದಿಂದಲೇ ದೋಷವನ್ನು ಅಂದಾಜು ಮಾಡಿದರು. ಇಂದು ಆಕಾಶವನ್ನು ತುಂಡುತುಂಡಾಗಿ ವಿಂಗಡಿಸಿ, ಒಂದೊಂದು ತುಂಡನ್ನು ಬಿಟ್ಟು ಪುನಃ ಲೆಕ್ಕಹಾಕುವ ಜಾಕ್‌ನೈಫ್ ಪದ್ಧತಿ ಅದೇ ಬಳಗದ್ದು. ಸಿದ್ಧಾಂತಕ್ಕೂ ದತ್ತಾಂಶಕ್ಕೂ ಇರುವ ಅಂತರವನ್ನು ಅಳೆಯುವ ಸೂತ್ರವೂ 1936ರ ‘ಮಹಲನೋಬಿಸ್ ದೂರ’ದ ರೂಪವೇ.

ಆ ಸೂತ್ರಕ್ಕೆ ಕೋವೇರಿಯನ್ಸ್ ಮ್ಯಾಟ್ರಿಕ್ಸ್ ಎಂಬ ಕೋಷ್ಟಕ ಬೇಕು. ಒಂದು ಅಳತೆ ಏರಿದರೆ ಇನ್ನೊಂದು ಎಷ್ಟು ಏರುತ್ತದೆ ಎಂಬುದರ ಲೆಕ್ಕ ಅದು. 40 ಅಳತೆಗಳಿದ್ದರೆ ಕೋಷ್ಟಕದಲ್ಲಿ 820 ಬೇರೆಬೇರೆ ಸಂಖ್ಯೆಗಳು. ಇವನ್ನು ಪಡೆಯಲು ಕಂಪ್ಯೂಟರಿನಲ್ಲಿ ನೂರಾರು, ಸಾವಿರಾರು ಕೃತಕ ವಿಶ್ವಗಳನ್ನು ಕಟ್ಟುತ್ತಾರೆ. ಸೋಮಾರಿತನದಿಂದ 100ಕ್ಕೇ ನಿಲ್ಲಿಸಿ, ತಿದ್ದುಪಡಿಯನ್ನೂ ಮಾಡದೆ ಮುಂದುವರಿದರೆ ದೋಷಾಂಶ ಹತ್ತಿರಹತ್ತಿರ ಕಾಲುಭಾಗ ಕಿರಿದಾಗಿ ಕಾಣುತ್ತದೆ. ಇದನ್ನು 2007ರಲ್ಲಿ ಹಾರ್ಟ್‌ಲ್ಯಾಪ್ ಮತ್ತು ಸಂಗಡಿಗರು ಖಗೋಳಜ್ಞರಿಗೆ ಎಚ್ಚರಿಸಿ ಹೇಳಿದರು. ಕೃತಕ ವಿಶ್ವಗಳಲ್ಲಿ ಇನ್ನೊಂದು ಕೊಕ್ಕೆಯೂ ಉಂಟು: ಯಾವ ಸಿದ್ಧಾಂತವನ್ನು ಪರೀಕ್ಷಿಸಬೇಕೋ ಸಾಮಾನ್ಯವಾಗಿ ಅದನ್ನೇ ನಂಬಿ ಅವುಗಳನ್ನು ಕಟ್ಟಿರುತ್ತಾರೆ.

ಬೇರೆ ದಾರಿಯೂ ಇಲ್ಲ, ಏಕೆಂದರೆ ಆಕಾಶ ಒಂದೇ. ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರುಳ್ಳ ಶಾಸನ ಸಿಕ್ಕಿತು. ‘ದೇವಾನಾಂಪ್ರಿಯ’ನು ಯಾರೆಂಬುದಕ್ಕೆ ಆ ಒಂದು ಬಂಡೆ ಉತ್ತರ ಕೊಟ್ಟಿತು. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲೂ ಅದೇ ಹೆಸರು ಕಂಡು, ತಾಳೆ ನೋಡಲು ಅವಕಾಶವಾಯಿತು. ವಿಶ್ವಕ್ಕೆ ಎರಡನೆಯ ಬಂಡೆಯಿಲ್ಲ.

ಅನಿಶ್ಚಿತತೆ ಎಂದರೆ ವಿಜ್ಞಾನಿಯ ಕೈಲಾಗದತನ ಎನ್ನುವ ನನ್ನ ಬಂಧುವಿಗೆ ಹೂವಿನಹಡಗಲಿಯನ್ನು ನೆನಪಿಸುತ್ತೇನೆ. ನಮ್ಮ ಗದ್ದೆಗೆ ಹರಿಯುವ ತುಂಗಭದ್ರೆಯ ಮೇಲಣ ದಂಡೆಯ ಆ ಊರಿನಲ್ಲಿ, ತೆಲುಗು ಮನೆತನವೊಂದರಲ್ಲಿ, 1920ರಲ್ಲಿ ಸಿ. ಆರ್. ರಾವ್ ಹುಟ್ಟಿದರು. ಪಕ್ಷಪಾತವಿಲ್ಲದ ಅಂದಾಜಿನ ದೋಷವನ್ನು ಒಂದು ಮಿತಿಗಿಂತ ಕೆಳಗಿಳಿಸಲು ಯಾವ ಜಾಣನಿಗೂ ಸಾಧ್ಯವಿಲ್ಲವೆಂದು 1945ರಲ್ಲಿ ಅವರು ಗಣಿತದಿಂದ ತೋರಿಸಿದರು. ಕ್ರಾಮರ್–ರಾವ್ ಮಿತಿಯೆಂದು ಅದಕ್ಕೆ ಹೆಸರು. ಗೆಲಾಕ್ಸಿ ಸಮೀಕ್ಷೆಗೆ ಹಣ ಕೇಳುವ ಮೊದಲು ಎಷ್ಟು ನಿಖರತೆ ನಿರೀಕ್ಷಿಸಬಹುದೆಂದು ಲೆಕ್ಕ ಹಾಕುವವರು ಈ ಮಿತಿಯನ್ನೇ ಆಶ್ರಯಿಸುತ್ತಾರೆ. ತನಗೆ ಎಷ್ಟು ತಿಳಿಯಲಾರದು ಎಂಬುದನ್ನು ಅಳೆದು ಹೇಳುವ ವಿದ್ಯೆಯನ್ನು ಗಾಳಿಗಿಟ್ಟ ದೀಪವೆನ್ನುವುದು ಯಾವ ನ್ಯಾಯ?

ಇದೆಲ್ಲ ಜನಸಾಮಾನ್ಯರಿಗೆ ತಿಳಿಯುವುದಿಲ್ಲ ಸರ್, ಆದ್ದರಿಂದ ಬಿಟ್ಟೆವು ಎಂದು ಪತ್ರಿಕೆಯಲ್ಲಿರುವ ಶಿಷ್ಯನೊಬ್ಬ ಹೇಳಿದ. ನಾನು ಒಪ್ಪಲಾರೆ. ‘ಎಕರೆಗೆ ನಲವತ್ತು ಚೀಲ, ಹೆಚ್ಚು ಕಡಿಮೆ ಐದು’ ಎಂದು ಮಾತಾಡುವ ರೈತನಿಗೆ ದೋಷಾಂಶವನ್ನು ಕಲಿಸಬೇಕೇ? ನುಂಗಿ ಹಾಕುವವರು ನಾವು, ಓದಿದವರು. 2016ರಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯ ನಿಯಮವನ್ನೇ ನೋಡಿ: ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮುಖ್ಯ ಬೆಳೆಗೆ ಕನಿಷ್ಠ 4 ಬೆಳೆ ಕಟಾವು ಪ್ರಯೋಗ, ಅದರಿಂದ ಒಂದು ಸರಾಸರಿ. ಆ ಸರಾಸರಿ ನಿಗದಿತ ಇಳುವರಿಗಿಂತ ಕೆಳಗಿದ್ದರೆ ಪರಿಹಾರ, ಮೇಲಿದ್ದರೆ ಇಲ್ಲ. ನಾಲ್ಕು ಪ್ರಯೋಗಗಳ ಸರಾಸರಿ ಎಷ್ಟು ಅಲುಗಾಡಬಲ್ಲದೆಂಬುದಕ್ಕೆ ಆ ಸೂತ್ರದಲ್ಲಿ ಜಾಗವಿಲ್ಲ. ಡೆಸಿಯ ದೋಷಾಂಶ ತಪ್ಪಿದರೆ ಒಂದು ಸಂಶೋಧನಾ ಲೇಖನ ಬಿದ್ದುಹೋಗುತ್ತದೆ. ಇಲ್ಲಿ ಕೊನೆಭಾಗದ ರೈತನ ಸಾಲ ಹಾಗೆಯೇ ಉಳಿಯುತ್ತದೆ.

ಪತ್ರಿಕೆಗಳಲ್ಲಿರುವ ನನ್ನ ವಿದ್ಯಾರ್ಥಿಗಳು ಇನ್ನು ಮುಂದೆ 4.2ರ ಪಕ್ಕದಲ್ಲಿ 2.8ನ್ನೂ ಅಚ್ಚು ಹಾಕಲಿ. ಕೃಷಿ, ಕಂದಾಯ ಇಲಾಖೆಗಳಲ್ಲಿರುವವರು ಆ ನಾಲ್ಕು ಪ್ರಯೋಗಗಳ ತೂಕವನ್ನು ಬೇರೆಬೇರೆಯಾಗಿ, ಯಾವ ಉಪಕಾಲುವೆಯ ಗದ್ದೆ ಎಂಬುದರ ಸಹಿತ, ಪಂಚಾಯಿತಿಯ ಗೋಡೆಯ ಮೇಲೆ ಬರೆಸಲಿ.