ನೆತ್ತಿಯೆಂಬ ಕಿಟಕಿ

ಎಳೆಗೂಸನ್ನು ಮೀಯಿಸುವ ಅಜ್ಜಿಯು ಅದರ ನೆತ್ತಿ ಇನ್ನೂ ಕೂಡಿಲ್ಲವೆಂದು ಹಗುರವಾಗಿ ಎಣ್ಣೆ ಒತ್ತುವುದನ್ನು ನಾವೆಲ್ಲರೂ ಕಂಡಿದ್ದೇವೆ. ತಲೆಯ ಎಲುಬುಗಳು ಬೆಸೆದುಕೊಳ್ಳುವ ಮುನ್ನ ಅಲ್ಲಿ ಉಳಿದಿರುವ ಆ ಮೆತ್ತನೆಯ ಎಡೆಯೇ ವೈದ್ಯರಿಗೆ ಕಿಟಕಿಯಾಗಿ ಒದಗಿದೆ. ಶ್ರವಣಾತೀತ ಧ್ವನಿಯು ಎಲುಬನ್ನು ಸುಲಭವಾಗಿ ದಾಟಲಾರದು. ನೆತ್ತಿಯನ್ನಾದರೋ ದಾಟಿಹೋಗಿ, ಮಿದುಳಿನ ಪದರಗಳಿಂದ ಮರುದನಿಯಾಗಿ ಹಿಂದಿರುಗಿ, ತೆರೆಯ ಮೇಲೆ ಚಿತ್ರವಾಗಿ ಮೂಡುತ್ತದೆ. ಬಸುರಿಯರಿಗೆ ಮಾಡುವ ಸ್ಕ್ಯಾನಿಂಗಿನ ತತ್ತ್ವವೂ ಇದೇ.

ಈ ಕಿಟಕಿಯಲ್ಲಿ ಇಣುಕಬೇಕಾದ ಅಗತ್ಯವೇನು? 32 ವಾರ ತುಂಬುವ ಮೊದಲೇ ಹುಟ್ಟಿದ ಶಿಶುವಿನ ಮಿದುಳಿನಲ್ಲಿ, ದ್ರವ ತುಂಬಿದ ಕುಹರಗಳ ಅಂಚಿನ ರಕ್ತನಾಳಗಳು ಬಲು ನವುರು. ರಕ್ತದೊತ್ತಡದ ಏರಿಳಿತಕ್ಕೆ ಅವು ಒಡೆಯಬಲ್ಲವು. ಹೆಚ್ಚಾಗಿ ಒಡೆಯುವುದು ಹುಟ್ಟಿದ ಮೊದಲ 3 ದಿನಗಳಲ್ಲಿಯೇ. 1978ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದ ವೈದ್ಯರು 1,500 ಗ್ರಾಮಿಗಿಂತ ಕಡಮೆ ತೂಕದ 46 ಶಿಶುಗಳ ತಲೆಯನ್ನು ಸಿ.ಟಿ. ಯಂತ್ರದಿಂದ ಪರೀಕ್ಷಿಸಿದ ವರದಿ ಪ್ರಕಟವಾಯಿತು. 20 ಶಿಶುಗಳಲ್ಲಿ ರಕ್ತಸ್ರಾವವಾಗಿತ್ತು. ಅವುಗಳಲ್ಲಿ ಬದುಕುಳಿದ 9ರ ಪೈಕಿ 7ರಲ್ಲಿ ಸ್ರಾವದ ಹೊರಲಕ್ಷಣವೇ ಇರಲಿಲ್ಲ! ಲಕ್ಷಣ ಕಾಣಲೆಂದು ಕಾದು ಕುಳಿತರೆ ಏನಾದೀತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕೆ?

ನೇತ್ರಾವತಿ ಕುಮಾರಧಾರೆಗಳು ಕೂಡುವ ಉಪ್ಪಿನಂಗಡಿಯಲ್ಲಿ ಅಂತಹ ಶಿಶುವೊಂದು ಹುಟ್ಟಿತೆನ್ನೋಣ. ಮಂಗಳೂರಿಗೆ ಸುಮಾರು 50 ಕಿಲೋಮೀಟರು. ದಾರಿಯ ಕುಲುಕಾಟ, ಮೈ ತಣ್ಣಗಾಗುವ ಭಯ, ಉಸಿರಿನ ಏರುಪೇರು — ಇವೆಲ್ಲವೂ ಆ ನವುರು ನಾಳಗಳಿಗೆ ಹೊರೆಯೇ. ಹುಟ್ಟಿದ ಬಳಿಕ ದೂರ ಸಾಗಿಸಿದ ಇಂತಹ ಶಿಶುಗಳಲ್ಲಿ ಸ್ರಾವವು ಹೆಚ್ಚೆಂದು ವೈದ್ಯರು ಕಂಡುಕೊಂಡಿದ್ದಾರೆ.

ಆದುದರಿಂದ, ಅಕಾಲ ಪ್ರಸವದ ಸುಳಿವು ಸಿಕ್ಕೊಡನೆ ತಾಯಿಯನ್ನೇ ದೊಡ್ಡ ಆಸ್ಪತ್ರೆಗೆ ಕಳುಹಿಸುವುದು ಮೊದಲ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ತಾಯ ಬಸಿರಿಗಿಂತ ಕ್ಷೇಮವಾದ ವಾಹನವು ಇನ್ನೂ ಹುಟ್ಟಿಲ್ಲ. ಹೆರಿಗೆಗೆ ಮುನ್ನ ಆಕೆಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಶಿಶುವಿನ ಶ್ವಾಸಕೋಶವನ್ನು ಬಲಪಡಿಸುವುದಲ್ಲದೆ ಮಿದುಳಿನ ಸ್ರಾವವನ್ನೂ ಕಡಮೆ ಮಾಡುತ್ತದೆ.

ಸಾಗಿಸಲು ಸಮಯವಿಲ್ಲದಾಗ? ಯಂತ್ರವೇ ತೊಟ್ಟಿಲಿನ ಬಳಿಗೆ ಬರಬೇಕು. ಶ್ರವಣಾತೀತ ಧ್ವನಿಯ ಪರೀಕ್ಷೆಯಲ್ಲಿ ಎಕ್ಸ್-ರೇ ಇಲ್ಲ. ಮಗುವನ್ನು ಮಲಗಿದಲ್ಲಿಂದ ಕದಲಿಸಬೇಕಾಗಿಲ್ಲ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯಿದೆಯು ಇಂತಹ ಯಂತ್ರಗಳಿಗೆ ನೋಂದಣಿಯನ್ನು ಕಡ್ಡಾಯಗೊಳಿಸಿದೆ. ಆ ನಿರ್ಬಂಧ ನ್ಯಾಯವಾದುದೇ. ಅದನ್ನು ಸಡಿಲಿಸೆಂದು ನಾವು ಹೇಳುವುದಿಲ್ಲ. ನೋಂದಣಿಯಾದ ಯಂತ್ರವನ್ನು ಆಸ್ಪತ್ರೆಯೊಳಗೆ ಶಿಶುವಿನ ಹಾಸಿಗೆಗೆ ಒಯ್ಯಲೂ, ನೆತ್ತಿಯ ಮೂಲಕ ನೋಡಲೂ ಪುತ್ತೂರಿನಂತಹ ತಾಲ್ಲೂಕು ಕೇಂದ್ರಗಳ ಮಕ್ಕಳ ವೈದ್ಯರಿಗೆ ತರಬೇತಿ ಇರಲಿ ಎಂಬುದಷ್ಟೇ ನಮ್ಮ ಬೇಡಿಕೆ.

‘ಆದ ಸ್ರಾವವನ್ನು ಅಳಿಸುವ ಮದ್ದಿಲ್ಲ, ನೋಡಿ ಫಲವೇನು?’ ಎಂದು ಕೆಲವರು ಕೇಳಬಹುದು. ಸೌಮ್ಯವಾದ ಸ್ರಾವವು ಸಾಮಾನ್ಯವಾಗಿ ತಾನೇ ಕರಗುತ್ತದೆ. ತೀವ್ರವಾದುದು ಕುಹರಗಳಲ್ಲಿ ದ್ರವ ಕಟ್ಟಿಕೊಳ್ಳುವಂತೆ ಮಾಡಬಹುದು. ಮೊದಲೇ ತಿಳಿದಿದ್ದರೆ ಮತ್ತೆ ಮತ್ತೆ ಚಿತ್ರ ತೆಗೆದು, ಅಳತೆಯ ಟೇಪಿನಿಂದ ತಲೆಯ ಸುತ್ತಳತೆ ನೋಡುತ್ತ, ಹೊತ್ತು ಮೀರುವ ಮುನ್ನ ಶಸ್ತ್ರವೈದ್ಯರ ಕೈಗೆ ಒಪ್ಪಿಸಬಹುದು. ಮುಂದೆ ಮಗುವು ಕುಳಿತುಕೊಳ್ಳಲು, ನಡೆಯಲು ತಡಮಾಡಿದರೆ ವ್ಯಾಯಾಮ ಚಿಕಿತ್ಸೆಯನ್ನು ಬೇಗನೆ ತೊಡಗಬಹುದು.

ನೆತ್ತಿಯ ಕಿಟಕಿಯು ತೆರೆದಿರುವುದು ಸುಮಾರು ಒಂದೂವರೆ ವರ್ಷ. ಸ್ರಾವವನ್ನು ಹೊತ್ತಿಗೆ ಕಾಣಲು ಇರುವುದು ಕೆಲವೇ ದಿನ. ಅಷ್ಟರೊಳಗೆ ನೋಡುವ ಕಣ್ಣು ಊರ ಸಮೀಪದಲ್ಲಿಯೇ ಇರಬೇಕು.